ಅಲೆಕ್ಸಾಂಡ್ರಿಯಾದ ಐದು ನಿಮಿಷ

"ಆ ಕಾಗದ ಗೋಡೆಯಿಂದ ತೆಗೀರಿ" ಎಂದಳು ಇನ್‌ಶಿರಾಹ್.

ಕ್ಯಾಮೆರಾ ಓಡುತ್ತಲೇ ಇತ್ತು. ಪೊಲೀಸ್ ಠಾಣೆಯ ಮೇಜಿನ ಹಿಂದೆ ನಾಯಕ ನಟ ಗಲಾಲ್ ರಶ್ವಾನ್ ಕೂತಿದ್ದ. ಚಹಾದ ಗ್ಲಾಸಿನಲ್ಲಿ ಎಡಗೈಯಿಂದ ಚಮಚ ತಿರುಗಿಸುತ್ತ, ಎದುರಿಗೆ ನಿಂತಿದ್ದ ಕಳ್ಳನನ್ನು ಬಾಯಿ ತೆರೆಯದೆಯೇ ಬೆವರಿಸುತ್ತಿದ್ದ. ಇಡೀ ದಿನದಲ್ಲಿ ಮೊದಲ ಸಲ ಒಂದು ಶಾಟು ನೆಟ್ಟಗೆ ಬರುತ್ತಿತ್ತು. ಅಷ್ಟರಲ್ಲಿ ಈ ಮಾತು.

ನಿರ್ದೇಶಕ ತಲೆಯ ಮೇಲೆ ಕೈಯಿಟ್ಟುಕೊಂಡ. ರಂಜಾನಿನ ಇಪ್ಪತ್ತೊಂದನೆಯ ದಿನ, ಸಂಜೆ ನಾಲ್ಕೂವರೆ. ಆ ಹೊತ್ತಿಗೆ ನಮ್ಮ ಕೈರೋದಲ್ಲಿ ಯಾರಿಗೂ ಜಗಳವಾಡುವ ಶಕ್ತಿ ಉಳಿದಿರುವುದಿಲ್ಲ. ಆದರೂ ಎಲ್ಲರೂ ಆಡುತ್ತಾರೆ.

"ಯಾವ ಕಾಗದ, ಮದಾಮ್?" ಎಂದು ಕೇಳಿದ.

"ಗಲಾಲ್ ತಲೆ ಹಿಂದೆ ಇರೋ ರಂಜಾನ್ ವೇಳಾಪಟ್ಟಿ. ಅದು ಕೈರೋದ್ದು. ಕಥೆಯಲ್ಲಿ ನಮ್ಮ ಠಾಣೆ ಇರೋದು ಅಲೆಕ್ಸಾಂಡ್ರಿಯಾದಲ್ಲಿ. ಅಲ್ಲಿ ಸೂರ್ಯ ಮುಳುಗೋದು ಇಲ್ಲಿಗಿಂತ ಐದು ನಿಮಿಷ ತಡ. ಇದು ಟೀವೀಲಿ ಬಂದ್ರೆ ಅಲ್ಲಿನವರು ಈದ್ ತನಕ ನಮ್ಮನ್ನ ಆಡ್ಕೊಂಡು ನಗ್ತಾರೆ."

ಗಲಾಲ್ ನಕ್ಕು ಕುರ್ಚಿಗೆ ಒರಗಿದ. ಇಪ್ಪತ್ತು ವರ್ಷದಿಂದ ಅವನಿಗೆ ಇದು ಅಭ್ಯಾಸ. ಇನ್‌ಶಿರಾಹ್ ತನ್ನ ನೋಟ್‌ಬುಕ್ ತೆಗೆದು ಶಾಟು ನಿಂತ ಜಾಗವನ್ನು ಬರೆದುಕೊಂಡಳು: ಗಲಾಲ್, ಎಡಗೈ. ಚಮಚ ಮೂರು ಸುತ್ತು, ಗ್ಲಾಸಿನ ಅಂಚಿಗೆ ಎರಡು ತಟ್ಟು. ಚಹಾ ಮುಕ್ಕಾಲು.

ಅವಳ ಕೆಲಸವೇ ಅದು. ಒಂದು ಶಾಟಿನಲ್ಲಿ ಎಡಗೈಯಲ್ಲಿದ್ದ ಸಿಗರೇಟು ಮುಂದಿನ ಶಾಟಿನಲ್ಲಿ ಬಲಗೈಗೆ ಹಾರದಂತೆ, ಕಿತ್ತುಹೋದ ಗುಂಡಿ ತಾನಾಗಿ ಹೊಲಿದುಕೊಳ್ಳದಂತೆ ಕಾಯುವುದು. ಅರವತ್ತೊಂದು ವಯಸ್ಸು, ಮಂಡಿ ನೋವು, ಎರಡು ಕನ್ನಡಕ. ಆದರೂ ಒಮ್ಮೆ ನೋಡಿದ್ದು, ಒಮ್ಮೆ ಕೇಳಿದ್ದು ಅವಳಿಂದ ತಪ್ಪಿಸಿಕೊಂಡು ಹೋಗುವುದಿಲ್ಲ. 'ಬಂದರಿನ ಠಾಣೆ' ಎಂಬ ಈ ಪತ್ತೇದಾರಿ ಧಾರಾವಾಹಿ ದಿನಾ ಸಂಜೆ ಇಫ್ತಾರ್ ಆದ ಮೇಲೆ ಅರ್ಧ ದೇಶದ ಮನೆಗಳಲ್ಲಿ ಓಡುತ್ತಿತ್ತು. ಮೂವತ್ತು ಕಂತು ಆಗಬೇಕು, ಚಿತ್ರೀಕರಣ ಮುಗಿದಿದ್ದು ಇಪ್ಪತ್ತಾರು. ಕೊನೆಯ ಕಂತು ಬರೆದಿದ್ದವನು ಆಸ್ಪತ್ರೆಯಲ್ಲಿ ಕಣ್ಣುಮುಚ್ಚಿ ಮಲಗಿದ್ದ.

ನಾಲ್ಕು ದಿನದ ಹಿಂದೆ, ಎಲ್ಲರೂ ಅಂಗಳದಲ್ಲಿ ಇಫ್ತಾರ್‌ಗೆ ಕೂತಿದ್ದಾಗ, ಯಾರೋ ಬರಹಗಾರ ಫಿಕ್ರಿಯ ತಲೆಗೆ ಸುತ್ತಿಗೆಯಿಂದ ಹೊಡೆದು, ಕೊನೆಯ ಕಂತಿನ ಕೈಬರಹದ ಹಾಳೆಗಳನ್ನು ಎತ್ತಿಕೊಂಡು, ಕೋಣೆಗೆ ಹೊರಗಿನಿಂದ ಬೀಗ ಹಾಕಿ ಹೋಗಿದ್ದರು.

ಸುತ್ತಿಗೆ ಬಡಗಿ ಶಲಬಿಯದು. ಆ ಬೀಗಕ್ಕೆ ಇದ್ದದ್ದು ಎರಡೇ ಕೀಲಿ. ಒಂದು ಶಲಬಿಯ ಬಡಗಿಕೋಣೆಯ ಮೊಳೆಗೆ ನೇತಾಡುತ್ತಿತ್ತು, ಇನ್ನೊಂದು ನಿರ್ಮಾಪಕ ಹಾಜಿ ತವ್ವಾಬನ ಜೇಬಿನಲ್ಲಿರುತ್ತಿತ್ತು. ಹಾಜಿ ಆ ಸಂಜೆ ಅಲೆಕ್ಸಾಂಡ್ರಿಯಾದಲ್ಲಿದ್ದೆ ಅಂದ. ಶಲಬಿ ಇಫ್ತಾರ್ ಮೇಜಿನಲ್ಲಿ ಇರಲಿಲ್ಲ. ಛಾವಣಿಯ ಮೇಲೆ ತನ್ನ ಪಾರಿವಾಳಗಳ ಜೊತೆ ಉಪವಾಸ ಬಿಟ್ಟೆ ಅಂದ. ಪಾರಿವಾಳಗಳು ಸಾಕ್ಷಿ ಹೇಳುವುದಿಲ್ಲವಲ್ಲ. ಅವನನ್ನು ಒಯ್ದರು.

ಮೊದಲ ನಾಲ್ಕು ದಿನದ ಬಂಧನ ನಾಳೆಗೆ ಮುಗಿಯುತ್ತದೆ. ಬೆಳಿಗ್ಗೆ ಹತ್ತಕ್ಕೆ ಅವನನ್ನು ಸರ್ಕಾರಿ ವಕೀಲರ ಮುಂದೆ ನಿಲ್ಲಿಸುತ್ತಾರೆ. ಅವರು ಒಂದು ಸಹಿ ಹಾಕಿದರೆ ಇನ್ನೂ ಹದಿನೈದು ದಿನ ಒಳಗೆ. ಈದ್‌ನ ಎರಡನೆಯ ದಿನ ಅವನ ಮಗಳ ಮದುವೆ. ಅವಳಿಗೆಂದು ಸ್ವಂತ ಕೈಯಿಂದ ಮಾಡುತ್ತಿದ್ದ ಬೀರು ಬಾಗಿಲಿಲ್ಲದೆ ಬಡಗಿಕೋಣೆಯಲ್ಲಿ ನಿಂತಿತ್ತು. ಇನ್‌ಶಿರಾಹ್ ಬೆಳಿಗ್ಗೆ ಪಾರಿವಾಳಗಳಿಗೆ ಕಾಳು ಹಾಕಿ ಇಳಿಯುವಾಗಲೆಲ್ಲ ಆ ಬೀರನ್ನು ನೋಡುತ್ತಿದ್ದಳು. ಮೂವತ್ತು ವರ್ಷ ಅವಳ ಕುರ್ಚಿಯ ಕಾಲು ಅಲುಗಾಡಿದಾಗೆಲ್ಲ ಕೇಳದೆಯೇ ಸರಿಮಾಡಿದ ಮನುಷ್ಯ ಅವನು.

ಸಾಮಾನು ನೋಡಿಕೊಳ್ಳುವವನು ಗೊಣಗುತ್ತ ಹೋಗಿ ಅಲೆಕ್ಸಾಂಡ್ರಿಯಾದ ವೇಳಾಪಟ್ಟಿ ಹುಡುಕಿ ತಂದ. ಅದನ್ನು ಗೋಡೆಗೆ ಅಂಟಿಸುವ ಮೊದಲು ಇನ್‌ಶಿರಾಹ್ ಎರಡೂ ಕಾಗದಗಳನ್ನು ಪಕ್ಕಪಕ್ಕ ಹಿಡಿದು ನೋಡಿದಳು. ಹದಿನೇಳನೆಯ ರಂಜಾನ್. ಕೈರೋದಲ್ಲಿ ಮಗ್ರಿಬ್, ಸೂರ್ಯ ಮುಳುಗಿ ಉಪವಾಸ ಬಿಡುವ ಹೊತ್ತು, ಆರು ಗಂಟೆ ಐದು ನಿಮಿಷ. ಅಲೆಕ್ಸಾಂಡ್ರಿಯಾದಲ್ಲಿ ಆರು ಹತ್ತು.

ಅವಳ ಕೈ ಅಲ್ಲೇ ನಿಂತಿತು.

ದೀಪಗಳ ಹಿಂದೆ ಮೇಜರ್ ವಗೀಹ್ ಗೋಡೆಗೆ ಒರಗಿ ನಿಂತಿದ್ದ. ಈ ಮೊಕದ್ದಮೆಯ ನಿಜವಾದ ಪೊಲೀಸ್ ಅಧಿಕಾರಿ ಅವನು. ಮೂವತ್ತಾರು ವರ್ಷ, ತಿದ್ದಿದ ಮೀಸೆ, ಯಾವಾಗಲೂ ಇಸ್ತ್ರಿ ಮಾಡಿದ ಅಂಗಿ. ಮೊದಲ ದಿನ ಇನ್‌ಶಿರಾಹ್‌ಗೆ "ಅಮ್ಮಾ, ಇದು ಧಾರಾವಾಹಿ ಅಲ್ಲ, ಮನೆಗೆ ಹೋಗಿ" ಅಂದಿದ್ದ. ಅವನ ವರದಿಯಲ್ಲಿ ಶವದಂತೆ ಬಿದ್ದಿದ್ದ ಫಿಕ್ರಿಯ ಚಪ್ಪಲಿ ಒಂದು ಪುಟದಲ್ಲಿ ಕಂದು, ಇನ್ನೊಂದು ಪುಟದಲ್ಲಿ ಕಪ್ಪು ಆಗಿರುವುದನ್ನು ಅವಳು ತೋರಿಸಿದ ಮೇಲೆ ಮನೆಗೆ ಹೋಗಿ ಅನ್ನುವುದನ್ನು ಬಿಟ್ಟ. ಈಗ ದಿನಾ ತಾನೇ ಬರುತ್ತಿದ್ದ, ಬಂದು ಬೈಸಿಕೊಳ್ಳುತ್ತಿದ್ದ.

"ಬಾಷಾ" ಎಂದು, ಕೈರೋದಲ್ಲಿ ಪೊಲೀಸ್ ಅಧಿಕಾರಿಗಳನ್ನು ಕರೆಯುವಂತೆ, ಅವನನ್ನು ಕರೆದಳು. "ಹಾಜಿಯ ಆ ಧ್ವನಿ ಸಂದೇಶ ಇನ್ನೊಂದ್ಸಲ ಹಾಕು."

"ಇಪ್ಪತ್ತು ಸಲ ಕೇಳಾಯ್ತು, ಮದಾಮ್."

"ನೀನು ಕೇಳಿದ್ದು. ನಾನು ಕೇಳಿದ್ದು ಒಂದೇ ಸಲ, ಅದೂ ಬಾಯಲ್ಲಿ ಖರ್ಜೂರ ಇಟ್ಕೊಂಡು."

ಇಬ್ಬರೂ ಪ್ಲೈವುಡ್ ಠಾಣೆಯ ಹಿಂದೆ, ಬಣ್ಣ ಬಳಿಯದ ಕಡೆಗೆ ಹೋಗಿ ಕೂತರು. ವಗೀಹ್ ಫೋನನ್ನು ಅವಳ ಕಿವಿಯ ಹತ್ತಿರ ಹಿಡಿದ. ಹದಿನೇಳರ ಸಂಜೆ ಇಡೀ ತಂಡಕ್ಕೆ ಹಾಜಿ ಕಳಿಸಿದ್ದ ಸಂದೇಶ. ಅವನ ತುಂಬು ದನಿ: ಮಕ್ಕಳೇ, ನಾನಿಲ್ಲಿ ಅಲೆಕ್ಸಾಂಡ್ರಿಯಾದ ಸಮುದ್ರದ ಪಕ್ಕ ಕೂತಿದ್ದೀನಿ, ನನ್ನ ಮನಸ್ಸೆಲ್ಲ ನಿಮ್ಮ ಮೇಜಿನ ಮೇಲಿದೆ. ಅಷ್ಟರಲ್ಲಿ ಹಿಂದೆ ಆಜಾನ್ ಶುರು. ಹಾಜಿ ಬಿಸ್ಮಿಲ್ಲಾ ಎನ್ನುತ್ತಾನೆ, ಖರ್ಜೂರ ಕಚ್ಚುತ್ತಾನೆ, ನೀರು ಗುಟುಕರಿಸುತ್ತಾನೆ, ದೇವರನ್ನು ನೆನೆಯುತ್ತಾನೆ. ಇನ್ನೊಂದೆರಡು ಸಣ್ಣ ಸದ್ದು, ಆಮೇಲೆ ಮುಗಿಯುತ್ತದೆ.

"ಎಷ್ಟು ಗಂಟೆಗೆ ಬಂದದ್ದು?"

"ಆರು ಐದು. ಅದಕ್ಕೇ ತಾನೇ ಅವನನ್ನ ಬಿಟ್ಟಿದ್ದು? ಡ್ರೈವರ್ ಕೂಡ ಆಣೆ ಮಾಡಿ ಹೇಳ್ದ. ಫೋನ್ ಯಾವ ಊರಲ್ಲಿತ್ತು ಅಂತ ಕಂಪನಿಯವರು ಬರೆದು ಕೊಡೋದು ಈದ್ ಆದ ಮೇಲೆ."

ಇನ್‌ಶಿರಾಹ್ ಎರಡೂ ಕಾಗದಗಳನ್ನು ಅವನ ತೊಡೆಯ ಮೇಲೆ ಇಟ್ಟಳು. ಅವನು ಓದಿದ. ಮತ್ತೆ ಓದಿದ. ಫೋನು ನೋಡಿದ. ಅವನ ಕಿವಿ ಕೆಂಪಾಯಿತು.

ಅವನನ್ನು ಬೈಯುವಂತಿರಲಿಲ್ಲ. ವಗೀಹ್ ಕಾಪ್ಟಿಕ್ ಕ್ರೈಸ್ತ. ಅವನದೂ ಉಪವಾಸದ ದಿನಗಳೇ, ಈಸ್ಟರ್‌ವರೆಗೆ ಹಾಲು, ಮೊಟ್ಟೆ, ಮಾಂಸ ಏನೂ ಇಲ್ಲ. ಆದರೆ ಅದಕ್ಕೆ ಸೂರ್ಯನ ಗಡಿಯಾರ ಬೇಕಿಲ್ಲ. ಐದು ನಿಮಿಷ ಆಚೀಚೆ ಅವನ ಬಾಯಿಗೆ ಲೆಕ್ಕವಿಲ್ಲ. ದಿನವೆಲ್ಲ ನೀರಿಲ್ಲದೆ ಇದ್ದು ಕೊನೆಯ ಐದು ನಿಮಿಷವನ್ನು ಎಣಿಸಿದವರಿಗಷ್ಟೇ ಆ ಐದು ನಿಮಿಷ ಎಷ್ಟು ಉದ್ದ ಅಂತ ಗೊತ್ತು.

"ಅಂದ್ರೆ ಅವನು ಕೈರೋದಲ್ಲೇ ಇದ್ದ" ಎಂದ.

"ಅಷ್ಟು ಬೇಗ ಕುಣೀಬೇಡ. ಟೀವೀಲಿ ಬರೋದು ಕೈರೋ ಆಜಾನ್. ಸಮುದ್ರದ ಪಕ್ಕದ ಹೋಟೆಲಲ್ಲಿ ಟೀವಿ ಹಚ್ಚಿದ್ರು, ಅದರ ದನಿ ಅದು ಅಂತಾನೆ. ಅವನ ವಕೀಲ ಅದನ್ನೇ ಹೇಳ್ಕೊಡ್ತಾನೆ."

"ಮತ್ತೆ?"

"ಆಜಾನ್ ಟೀವಿಯದ್ದಿರಬಹುದು. ಖರ್ಜೂರ ತಿಂದ ಬಾಯಿ ಯಾರದ್ದು?"

ವಗೀಹ್‌ಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವನು ಎದ್ದು ನಿಂತು ಕಾರಿನ ಕೀಲಿ ತೆಗೆದ. ಅವಳು ಕೂತೇ ಇದ್ದಳು. ಮಂಡಿ ಹಿಡಿದುಕೊಂಡಿತ್ತು. ಕೈ ಕೊಟ್ಟು ಎಬ್ಬಿಸಿದ.

ಹಾಜಿ ತವ್ವಾಬನನ್ನು ಸಂಜೆಯ ಹೊತ್ತು ಹುಡುಕುವುದು ಕಷ್ಟವಲ್ಲ. ಸ್ಟುಡಿಯೋದ ಹಿಂದಿನ ಮೇಲ್ಸೇತುವೆಯ ಕೆಳಗೆ, ಪ್ರತಿ ರಂಜಾನಿನಲ್ಲೂ, ಹಾದುಹೋಗುವ ಯಾರು ಬೇಕಾದರೂ ಕೂತು ಉಣ್ಣುವ ಧರ್ಮದ ಮೇಜು ಅವನದು. ಇನ್ನೂರು ಜನ. ಟುಕ್‌ಟುಕ್ ಓಡಿಸುವವರು, ಹಮಾಲರು, ಬಸ್ಸಿನ ಕಂಡಕ್ಟರು, ದಾರಿ ತಪ್ಪಿದ ಮದುಮಗ ಕೂಡ ಒಮ್ಮೆ ಕೂತದ್ದುಂಟು. ಹಾಜಿ ತೋಳು ಮಡಚಿಕೊಂಡು ತಾನೇ ಬಡಿಸುತ್ತಾನೆ. ಇದು ತೋರಿಕೆ ಎಂದು ಕೆಲವರು ಆಡಿಕೊಳ್ಳುತ್ತಾರೆ. ಪೂರ್ತಿ ತೋರಿಕೆಯಲ್ಲ. ಅನ್ನ ತಣ್ಣಗಿದ್ದರೆ ಅವನು ಅಡುಗೆಯವನ ಮೇಲೆ ನಿಜಕ್ಕೂ ಸಿಟ್ಟಾಗುತ್ತಾನೆ.

ಅವರು ಹೋದಾಗ ಆರಕ್ಕೆ ಹತ್ತು ನಿಮಿಷವಿತ್ತು. ತಟ್ಟೆಗಳಲ್ಲಿ ಅನ್ನ ಮತ್ತು ಮಾಂಸ ಹೊಗೆಯಾಡುತ್ತಿತ್ತು. ಪ್ರತಿ ತಟ್ಟೆಯ ಪಕ್ಕ ಮೂರು ಖರ್ಜೂರ. ಇನ್ನೂರು ಜನರ ಕೈ ತೊಡೆಯ ಮೇಲೆ, ಕಣ್ಣು ತಟ್ಟೆಯ ಮೇಲೆ. ಇನ್‌ಶಿರಾಹ್ ಹಳೆಯ ಹಮಾಲ ದಿಸೂಕಿಯ ಪಕ್ಕದಲ್ಲಿ ಜಾಗ ಮಾಡಿಕೊಂಡು ಕೂತಳು. ವಗೀಹ್ ಎದುರಿಗೆ ಕೂತ. ಹಾಜಿ ದೂರದಿಂದಲೇ ನೋಡಿ ನಗುತ್ತ ಬಂದ. ಇಬ್ಬರಿಗೂ ತಾನೇ ತಟ್ಟೆ ಇಟ್ಟ. ಮೇಜರ್‌ನ ಉಪವಾಸ ನೆನಪಿಟ್ಟು ಅವನಿಗೆ ಮಾತ್ರ ಎಣ್ಣೆಯಲ್ಲಿ ಬೇಯಿಸಿದ ಅವರೆ ತರಿಸಿದ. ಇದನ್ನು ನೋಡಿ ಇನ್‌ಶಿರಾಹ್‌ಗೆ ಒಂದು ಗಳಿಗೆ ಬೇಸರವೇ ಆಯಿತು. ಕೆಟ್ಟವನು ಪೂರ್ತಿ ಕೆಟ್ಟವನಾಗಿದ್ದರೆ ಕೆಲಸ ಹಗುರವಾಗುತ್ತದೆ.

ಅವಳು ಮೊದಲು ಫಿಕ್ರಿಯ ಆರೋಗ್ಯದ ಮಾತೆತ್ತಿದಳು. ಮಧ್ಯಾಹ್ನ ಬೆರಳು ಅಲುಗಾಡಿಸಿದನಂತೆ, ಡಾಕ್ಟರಿಗೆ ನಂಬಿಕೆ ಬಂದಿದೆಯಂತೆ ಎಂದಳು. ಹಾಜಿಯ ಮುಖ ಅರಳಿತು. ಅದು ನಟನೆಯಲ್ಲ ಎಂದು ಅವಳಿಗೆ ಕಂಡಿತು. ನಟನೆಯನ್ನು ಅವಳು ನಲವತ್ತು ವರ್ಷ ನೋಡಿದ್ದಾಳೆ.

"ಹಾಜಿ, ಒಂದು ಸಣ್ಣ ವಿಷಯ" ಎಂದಳು ಆಮೇಲೆ, ಖರ್ಜೂರವನ್ನು ಬೆರಳಲ್ಲಿ ಹೊರಳಿಸುತ್ತ. "ಹದಿನೇಳನೇ ದಿನ ನೀವು ಉಪವಾಸ ಬೇಗ ಬಿಟ್ರಾ?"

"ನಾನಾ?" ಹಾಜಿ ನಕ್ಕ. "ಹನ್ನೊಂದು ವರ್ಷದ ಹುಡುಗನಾಗಿದ್ದಾಗಿನಿಂದ ಇವತ್ತಿನ ತನಕ ಒಂದು ದಿನ, ಒಂದು ನಿಮಿಷ ಬೇಗ ಬಿಟ್ಟೋನಲ್ಲ. ಕಿಡ್ನಿ ಕಲ್ಲು ಆಗಿದ್ದಾಗ್ಲೂ ಬಿಡ್ಲಿಲ್ಲ. ಇಲ್ಲಿ ಯಾರನ್ನ ಬೇಕಾದ್ರೂ ಕೇಳಿ."

ಮೇಜಿನ ಸುತ್ತ ತಲೆಗಳು ಹೌದು ಹೌದು ಎಂದು ಅಲ್ಲಾಡಿದವು.

ಇನ್‌ಶಿರಾಹ್ ತಲೆ ಅಲ್ಲಾಡಿಸದೆ ಚೀಲದಿಂದ ವೇಳಾಪಟ್ಟಿ ತೆಗೆದು ತಟ್ಟೆಗಳ ನಡುವೆ ಹಾಸಿದಳು. ಹದಿನೇಳರ ಸಾಲಿನ ಮೇಲೆ ಬೆರಳಿಟ್ಟಳು. ವಗೀಹ್ ಫೋನನ್ನು ಪಕ್ಕದಲ್ಲಿಟ್ಟು ಒತ್ತಿದ. ಹಾಜಿಯ ದನಿ ಬಂತು, ಸಮುದ್ರದ ಪಕ್ಕ ಕೂತಿದ್ದೀನಿ ಎಂಬ ಮಾತು ಬಂತು, ಆಜಾನ್ ಬಂತು, ಖರ್ಜೂರ ಅಗಿಯುವ ಸದ್ದು ಬಂತು. ಅಕ್ಕಪಕ್ಕದವರು ಕಿವಿ ನಿಮಿರಿಸಿದರು. ಇಫ್ತಾರ್‌ಗೆ ಕಾಯುವವರಿಗೆ ಹೊತ್ತು ಕಳೆಯಲು ಏನಾದರೂ ಬೇಕು.

ಸಂದೇಶ ಬಂದದ್ದು ಆರು ಗಂಟೆ ಐದು ನಿಮಿಷಕ್ಕೆ ಎಂದು ವಗೀಹ್ ಎಲ್ಲರಿಗೂ ಕೇಳುವಂತೆ ಹೇಳಿದ. ಅಲೆಕ್ಸಾಂಡ್ರಿಯಾದಲ್ಲಿ ಆ ಹೊತ್ತಿಗೆ ಸೂರ್ಯ ಇನ್ನೂ ನೀರಿನ ಮೇಲೆಯೇ ಇದ್ದನಲ್ಲ ಎಂದು ಕೇಳಿದ.

ಹಾಜಿಯ ಕೈಯಲ್ಲಿದ್ದ ಸೌಟು ನಿಂತಿತು. ಆದರೆ ಅವನು ಹಳೆಯ ಆಸಾಮಿ. ಉತ್ತರ ತಡವಾಗಲಿಲ್ಲ. ಹೋಟೆಲಿನವರು ಟೀವಿ ಹಚ್ಚಿದ್ದರು, ಟೀವಿಯ ಆಜಾನ್ ಅದು, ಕೈರೋದ್ದೇ ಬರುತ್ತದೆ, ಅಷ್ಟೂ ಗೊತ್ತಾಗುವುದಿಲ್ಲವೇ ಮೇಜರ್‌ಗೆ ಎಂದು ಕೇಳಿದ.

ಆ ಮಾತಿಗೆ ಇನ್‌ಶಿರಾಹ್ ಉತ್ತರ ಹೇಳಬೇಕಾಗಲಿಲ್ಲ. ಪಕ್ಕದಲ್ಲಿದ್ದ ದಿಸೂಕಿ ಅಜ್ಜ ತಲೆ ಎತ್ತಿದ. ಅವನಿಗೆ ಎಂಬತ್ತು ದಾಟಿತ್ತು. ಯಾರ ಮೊಕದ್ದಮೆಯೂ ಅವನಿಗೆ ಬೇಕಿರಲಿಲ್ಲ. ಹಾಜಿಯ ಮೇಲೆ ಅವನಿಗಿದ್ದದ್ದು ಬರೀ ಕಾಳಜಿ.

"ಅಯ್ಯೋ ಹಾಜಿ, ಹಾಗಾದ್ರೆ ಆ ದಿನ ಲೆಕ್ಕಕ್ಕೆ ಬರಲ್ಲಪ್ಪ" ಎಂದ. "ಇರೋ ಊರಿನ ಸೂರ್ಯ ನೋಡ್ಬೇಕು, ಟೀವಿ ಸೂರ್ಯ ಅಲ್ಲ. ನಮ್ಮ ಅಳಿಯ ಅಲೆಕ್ಸಾಂಡ್ರಿಯಾದಲ್ಲಿ ಹೀಗೇ ಮಾಡಿ ಈದ್ ಆದ್ಮೇಲೆ ಇನ್ನೊಂದು ದಿನ ಉಪವಾಸ ಹಿಡಿದ. ನೀವೂ ಒಂದು ದಿನ ಹಿಡಿದುಬಿಡಿ, ಮರೀಬೇಡಿ. ಗೊತ್ತಿಲ್ದೆ ಆಗಿದ್ದಕ್ಕೆ ದೇವರು ಕ್ಷಮಿಸ್ತಾನೆ."

"ಹಾಜಿ ಗೊತ್ತಿಲ್ದೆ ಮಾಡ್ತಾರಾ?" ಎಂದು ಒಬ್ಬ ಟುಕ್‌ಟುಕ್‌ನವನು ಕೇಳಿದ. ಇನ್ನೊಬ್ಬ ಅವನ ಮೊಣಕೈ ತಿವಿದ. ಯಾರೋ ನಕ್ಕರು. ಮೇಜಿನ ಆ ತುದಿಯಿಂದ ಈ ತುದಿಗೆ ಪಿಸುಮಾತು ಹರಿಯಿತು: ಹಾಜಿ ಸೂರ್ಯ ಇರುವಾಗಲೇ ಖರ್ಜೂರ ತಿಂದರಂತೆ.

ಹಾಜಿ ತವ್ವಾಬನ ಕುತ್ತಿಗೆ ಕೆಂಪಗಾಯಿತು. ಅವನನ್ನು ಸುತ್ತಿಗೆ ಎತ್ತಿದವನು ಎಂದಿದ್ದರೆ ವಕೀಲನನ್ನು ಕರೆಯುತ್ತಿದ್ದ. ಕಳ್ಳ ಎಂದಿದ್ದರೆ ನಗುತ್ತಿದ್ದ. ಇದನ್ನು ಅವನು ಕೇಳಿಸಿಕೊಳ್ಳಲಾರದೆ ಹೋದ. ತನ್ನ ಕೈಯಿಂದಲೇ ಬಡಿಸಿದ ತಟ್ಟೆಗಳ ಮುಂದೆ ಕೂತ ಇನ್ನೂರು ಜನ ತನ್ನ ಕಡೆ ಕನಿಕರದಿಂದ ನೋಡುತ್ತಿದ್ದರು.

"ನಾನು ಉಪವಾಸ ಮುರಿದಿಲ್ಲ" ಎಂದ ಗಟ್ಟಿಯಾಗಿ. "ಸೂರ್ಯ ಮುಳುಗಿದ ಮೇಲೇ ತಿಂದದ್ದು. ಸ್ಟುಡಿಯೋ ಕಿಟಕಿಯಿಂದ ನನ್ನ ಕಣ್ಣಾರೆ—"

ಮಾತನ್ನು ಅರ್ಧದಲ್ಲೇ ನುಂಗಿ ಸೌಟನ್ನು ಮೇಜಿನ ಮೇಲಿಟ್ಟ.

ಮೇಲ್ಸೇತುವೆಯ ಮೇಲೆ ಬಸ್ಸೊಂದು ಹೋಯಿತು. ದಿಸೂಕಿ ಅಜ್ಜನಿಗೆ ಏನೂ ಅರ್ಥವಾಗಲಿಲ್ಲ. ಹಾಜಿಯ ದಿನ ಉಳಿಯಿತಲ್ಲ ಎಂದು ದೇವರಿಗೆ ವಂದಿಸಿದ.

ಅಷ್ಟರಲ್ಲಿ ಆಜಾನ್ ಆಯಿತು. ನಾಲ್ಕೂ ದಿಕ್ಕಿನ ಮಸೀದಿಗಳಿಂದ ಒಂದರ ಹಿಂದೆ ಒಂದು. ಇನ್ನೂರು ಕೈಗಳು ಒಟ್ಟಿಗೆ ಎದ್ದವು. ಇನ್‌ಶಿರಾಹ್ ಖರ್ಜೂರವನ್ನು ಬಾಯಿಗೆ ಹಾಕಿಕೊಂಡಳು. ಹಾಜಿ ಮಾತ್ರ ಖರ್ಜೂರ ಹಿಡಿದುಕೊಂಡು ಹಾಗೆಯೇ ನಿಂತಿದ್ದ.

ವಗೀಹ್ ಎದ್ದು ಗ್ಲಾಸಿಗೆ ನೀರು ಬಗ್ಗಿಸಿ ಅವನ ಕೈಗೆ ಕೊಟ್ಟ.

"ಮೊದಲು ಉಪವಾಸ ಬಿಡಿ, ಹಾಜಿ. ಪ್ರಶ್ನೆ ಆಮೇಲೆ ಕೇಳ್ತೀನಿ. ಓಡಿ ಹೋಗೋರಲ್ಲ ನೀವು, ನಾನೂ ಎಲ್ಲೂ ಹೋಗಲ್ಲ."

ಈ ಹುಡುಗನನ್ನು ತಾನು ಇಷ್ಟು ದಿನ ಬರೀ ಇಸ್ತ್ರಿ ಮಾಡಿದ ಅಂಗಿ ಎಂದುಕೊಂಡಿದ್ದಕ್ಕೆ ಇನ್‌ಶಿರಾಹ್ ಮನಸ್ಸಿನಲ್ಲೇ ತಪ್ಪೊಪ್ಪಿಕೊಂಡಳು.

ಹಾಜಿ ನೀರು ಕುಡಿದು, ಬೆಂಚಿನ ತುದಿಯಲ್ಲಿ ಕೂತು, ತಗ್ಗಿದ ದನಿಯಲ್ಲಿ ಎಲ್ಲ ಹೇಳಿದ. ಬೆಳಿಗ್ಗೆ ಅಲೆಕ್ಸಾಂಡ್ರಿಯಾಕ್ಕೆ ಹೋಗಿದ್ದು ನಿಜ. ಮಧ್ಯಾಹ್ನವೇ ವಾಪಸು ಹೊರಟಿದ್ದ. ಫಿಕ್ರಿಯ ಹತ್ತಿರ ಒಬ್ಬನೇ ಮಾತಾಡಬೇಕಿತ್ತು. ಕೊನೆಯ ಕಂತಿನಲ್ಲಿ ಫಿಕ್ರಿ ನಾಯಕನನ್ನೇ ಅಪರಾಧಿ ಮಾಡಿದ್ದ, ಅದನ್ನು ಬದಲಾಯಿಸು ಎಂದು ಕೈಮುಗಿಯಬೇಕಿತ್ತು. ಎಲ್ಲರೂ ಅಂಗಳದಲ್ಲಿ ಕೂರುವ ಹೊತ್ತನ್ನೇ ನೋಡಿ ಹಿಂದಿನ ಬಾಗಿಲಿನಿಂದ ಬಂದ. ಯಾರಿಗೂ ಅನುಮಾನ ಬಾರದಿರಲಿ ಎಂದು ಆ ಸಂದೇಶವನ್ನು ಫಿಕ್ರಿಯ ಕೋಣೆಯಿಂದಲೇ ಕಳಿಸಿದ. ಫಿಕ್ರಿ ನಗುತ್ತ ಅವನಿಗೆ ಖರ್ಜೂರ ಕೊಟ್ಟ, ಹಾಳೆ ಮಾತ್ರ ಬದಲಾಯಿಸಲಾರೆ ಎಂದ. ಆರೂಕಾಲಿಗೆ ಹಾಜಿ ಹೊರಟಾಗ ಫಿಕ್ರಿ ಕುರ್ಚಿಯಲ್ಲಿ ಗಟ್ಟಿಮುಟ್ಟಾಗಿ ಕೂತಿದ್ದ. ಮರುದಿನ ಸುದ್ದಿ ತಿಳಿದ ಮೇಲೆ ಬಾಯಿ ಬಿಡಲು ಹೆದರಿದ.

"ಶಲಬಿಯನ್ನ ಹಿಡಿದಾಗ್ಲೂ ಹೆದರಿಕೆನೇ?" ಎಂದು ಇನ್‌ಶಿರಾಹ್ ಕೇಳಿದಳು. "ಅವನ ಮಗಳ ಮದುವೆಗೆ ನೀವೇ ಅಲ್ವಾ ಹಿರಿಯರು?"

ಹಾಜಿ ತಲೆ ತಗ್ಗಿಸಿದ.

ಕೀಲಿ ಎಲ್ಲಿ ಎಂದು ವಗೀಹ್ ಕೇಳಿದ. ಹಾಜಿ ಜೇಬಿಗೆ ಕೈಹಾಕಿ ಬರಿಗೈ ತೆಗೆದ. ಆ ದಿನ ಫಿಕ್ರಿ ಬರುವ ಮೊದಲೇ ಬಾಗಿಲು ತೆಗೆದು ಕೀಲಿಯನ್ನು ಬೀಗದಲ್ಲೇ ಬಿಟ್ಟಿದ್ದೆ, ಆಮೇಲೆ ಸಿಗಲಿಲ್ಲ ಎಂದ.

"ಕೋಣೆಯಲ್ಲಿ ಎಷ್ಟು ಜನ ಇದ್ರಿ?" ಎಂದಳು ಇನ್‌ಶಿರಾಹ್.

"ಇಬ್ಬರೇ. ನಾನು, ಫಿಕ್ರಿ."

"ಕುಡಿಯೋಕೆ ಏನಿತ್ತು?"

ಇದೆಂಥ ಪ್ರಶ್ನೆ ಎಂಬಂತೆ ಹಾಜಿ ಅವಳನ್ನು ನೋಡಿದ. ತಾನು ಬಾಟಲಿ ನೀರು ಕುಡಿದೆ, ಸಕ್ಕರೆ ಕಾಯಿಲೆಯ ಫಿಕ್ರಿಯೂ ನೀರನ್ನೇ ಕುಡಿದ, ಅದೂ ಬಾಟಲಿಯಿಂದಲೇ ಎಂದ. ಹೇಳುವಾಗ ಕಣ್ಣು ಬೇರೆ ಕಡೆ ಹೋಯಿತು. ಇನ್‌ಶಿರಾಹ್ ಅದನ್ನೂ ಬರೆದುಕೊಂಡಳು.

ಹಾಜಿಯನ್ನು ಠಾಣೆಗೆ ಕರೆದೊಯ್ಯಲು ಇಬ್ಬರು ಪೇದೆಗಳು ಬಂದರು. ಹೋಗುವ ಮೊದಲು ಅವನು ಅಡುಗೆಯವನನ್ನು ಕರೆದು, ನಾಳೆಯೂ ಮೇಜು ಹಾಕು, ಅನ್ನ ತಣ್ಣಗಾಗಬಾರದು ಎಂದು ಹೇಳಿ ಹೋದ.

ವಗೀಹ್ ಕಾರಿನ ಬಾನೆಟ್ಟಿನ ಮೇಲೆಯೇ ಕಾಗದ ಇಟ್ಟು ಹಾಜಿಯ ಹೇಳಿಕೆ ಬರೆದು ಮುಗಿಸಿದ. ಆಮೇಲೆ ಸರ್ಕಾರಿ ವಕೀಲರಿಗೆ ಫೋನು ಮಾಡಿದ. ಎರಡನೆಯ ಕೀಲಿ ಆ ಸಂಜೆ ಸ್ಟುಡಿಯೋದಲ್ಲೇ, ಬೀಗದಲ್ಲೇ ಇತ್ತು, ಯಾರು ಬೇಕಾದರೂ ಬಾಗಿಲು ಹಾಕಬಹುದಿತ್ತು, ಬಡಗಿಯ ಮೇಲೆ ಉಳಿದದ್ದು ಅವನ ಸುತ್ತಿಗೆಯೊಂದೇ ಎಂದು ವಿವರಿಸಿದ. ಆ ಕಡೆಯ ಮಾತು ಇನ್‌ಶಿರಾಹ್‌ಗೆ ಕೇಳಿಸಲಿಲ್ಲ. ವಗೀಹ್‌ನ ಮೀಸೆ ಮಾತ್ರ ನಿಧಾನವಾಗಿ ಅಗಲವಾಯಿತು.

"ನಾಳೆ ಹತ್ತಕ್ಕೆ ಬಿಡ್ತಾರೆ" ಎಂದ ಫೋನಿಟ್ಟು. "ಮನೆ ವಿಳಾಸ ಬರೆದುಕೊಟ್ರೆ ಸಾಕಂತೆ. ನೀವೇ ಅವನ ಹೆಂಡತಿಗೆ ಹೇಳಿ ಮದಾಮ್, ನಾನು ಹೇಳಿದ್ರೆ ಪೊಲೀಸು ಅಂತ ಮೊದಲು ಅಳ್ತಾಳೆ."

ಇನ್‌ಶಿರಾಹ್ ಫೋನು ಮಾಡಿದಳು. ಆ ಕಡೆ ಶಲಬಿಯ ಹೆಂಡತಿ ಹೇಗೂ ಅತ್ತಳು. ಮಗಳು ಫೋನು ಕಸಿದುಕೊಂಡು, ಬೀರಿನ ಬಾಗಿಲು ಈದ್‌ಗೆ ಆಗುತ್ತದಾ ಎಂದು ಅಪ್ಪನನ್ನು ಕೇಳಿ ಅಂದಳು. ಆಗುತ್ತದೆ ಎಂದು ಇನ್‌ಶಿರಾಹ್ ತಾನೇ ಮಾತು ಕೊಟ್ಟಳು. ನಾಲ್ಕು ದಿನದಿಂದ ಎದೆಯ ಮೇಲೆ ಕೂತಿದ್ದ ಭಾರ ಇಳಿಯಿತು. ಹಸಿವು ಆಗ ಗೊತ್ತಾಯಿತು. ಮೇಜಿನ ಮೇಲಿನ ಅನ್ನ, ಅವಳ ತಟ್ಟೆಯದೂ ಸೇರಿ, ಖಾಲಿಯಾಗಿತ್ತು. ವಗೀಹ್ ತನ್ನ ಅವರೆಯಲ್ಲಿ ಅರ್ಧ ಕೊಟ್ಟ. ಬ್ರೆಡ್ಡು ಮುರಿದು ಇಬ್ಬರೂ ಕಾರಿನಲ್ಲೇ ತಿಂದರು.

"ಒಂದು ವಿಷಯ ಕೇಳ್ಲಾ?" ಎಂದ ವಗೀಹ್ ಗೇರು ಬದಲಾಯಿಸುತ್ತ. "ಹಾಜಿ ಸುಳ್ಳು ಹೇಳ್ತಿದಾನಾ?"

"ತನ್ನ ಬಗ್ಗೆ ಅಲ್ಲ" ಎಂದಳು ಅವಳು. "ಫೋನ್ ಕೊಡು. ಆ ಕಿವಿಗೆ ಇಡೋದನ್ನೂ ಕೊಡು."

ವಗೀಹ್ ಇಯರ್‌ಫೋನ್ ಕೊಟ್ಟ. ಅವಳು ಕಣ್ಣು ಮುಚ್ಚಿ ಕೇಳಿದಳು. ಹಾಜಿಯ ದನಿ, ಆಜಾನ್, ಖರ್ಜೂರ, ನೀರು. ಅದರ ಹಿಂದೆ ಆ ಎರಡು ಸಣ್ಣ ಸದ್ದು. ಈ ತನಕ ಯಾರೂ ಅದಕ್ಕೆ ಕಿವಿ ಕೊಟ್ಟಿರಲಿಲ್ಲ. ಇಫ್ತಾರ್ ಹೊತ್ತಿನಲ್ಲಿ ಇಡೀ ಕೈರೋದಲ್ಲಿ ಕೇಳುವ ಸದ್ದು ಅದು. ತಳದಲ್ಲಿ ಕೂತ ಜರ್ದಾಳು ಹಣ್ಣಿನ ಸಿಹಿ ಶರಬತ್ತನ್ನು ಚಮಚದಿಂದ ಕಲಕುವ ಸದ್ದು.

ಹಾಜಿ ಕುಡಿದದ್ದು ಬಾಟಲಿ ನೀರು. ಫಿಕ್ರಿ ಸಕ್ಕರೆ ಮುಟ್ಟುವವನಲ್ಲ.

ಅವಳು ಮತ್ತೊಮ್ಮೆ ಹಾಕಿದಳು. ಗಾಜಿನ ಗೋಡೆಗೆ ತಾಗುತ್ತ ಚಮಚ ಸುತ್ತುತ್ತದೆ. ಒಂದು, ಎರಡು, ಮೂರು. ಆಮೇಲೆ ಅಂಚಿಗೆ ಟಕ್, ಟಕ್.

ನೋಟ್‌ಬುಕ್ ತೆರೆಯಬೇಕಾಗಿರಲಿಲ್ಲ. ಆದರೂ ತೆರೆದಳು. ಇಂದಿನ ಪುಟ, ನಿನ್ನೆಯ ಪುಟ, ಮೊನ್ನೆಯದು. ಪ್ರತಿ ಪುಟದಲ್ಲೂ ಅವಳದೇ ಅಕ್ಷರ: ಗಲಾಲ್, ಮೂರು ಸುತ್ತು, ಎರಡು ತಟ್ಟು. ಅವನಿಗೆ ಇಪ್ಪತ್ತೊಂದು ವರ್ಷವಾಗಿದ್ದಾಗ, ಒಂದೇ ಒಂದು ಮಾತಿನ ಪಾತ್ರಕ್ಕೆ ಬಂದು, ಹೆದರಿ ಅವಳ ಕುರ್ಚಿಯ ಹಿಂದೆ ನಿಂತಿದ್ದನ್ನು ನೋಡಿದವಳು ಅವಳು. ಅವತ್ತೂ ಕೈಗೆ ಚಹಾ ಕೊಟ್ಟಾಗ ಹೀಗೆಯೇ ಕಲಕಿದ್ದ. ಹದಿನೇಳರ ಸಂಜೆ ತಾನು ಶುಬ್ರಾದಲ್ಲಿ ಅಮ್ಮನ ಮನೆಯಲ್ಲಿ ಇಫ್ತಾರ್ ಮಾಡಿದೆ ಎಂದು ಪೊಲೀಸರಿಗೆ ಹೇಳಿದ್ದ. ಯಾರೂ ಎರಡನೆಯ ಸಲ ಕೇಳಿರಲಿಲ್ಲ. ಅವನು ಎಲ್ಲರ ಕಣ್ಣಿನಲ್ಲಿ ಒಳ್ಳೆಯ ಪೊಲೀಸ್ ಅಧಿಕಾರಿ. ಫಿಕ್ರಿಯ ಕೊನೆಯ ಕಂತು ಕಸಿದುಕೊಳ್ಳಲಿದ್ದದ್ದು ಅದನ್ನೇ.

"ಏನಾಯ್ತು?" ಎಂದ ವಗೀಹ್.

"ಇನ್ನೊಂದು ಸ್ವಲ್ಪ ಹೊತ್ತು ನನ್ನನ್ನ ಏನೂ ಕೇಳಬೇಡ" ಎಂದಳು. "ಒಳಗೆ ಬಾ. ಕ್ಯಾಮೆರಾದ ಹಿಂದೆ ನಿಂತ್ಕೋ. ಅಲ್ಲಿಂದ ಕದಲಬೇಡ."

ಸ್ಟುಡಿಯೋದಲ್ಲಿ ದೀಪ ಹಚ್ಚಿದ್ದರು. ಹೊಟ್ಟೆ ತುಂಬಿದ ಜನ ನಗುನಗುತ್ತ ಓಡಾಡುತ್ತಿದ್ದರು. ಶಲಬಿಗೆ ನಾಳೆ ಬಿಡುಗಡೆ ಎಂಬ ಸುದ್ದಿ ಅವರಿಗಿಂತ ಮೊದಲೇ ಬಂದು ತಲುಪಿತ್ತು. ಯಾರೋ ಇನ್‌ಶಿರಾಹ್‌ಳ ಹಣೆಗೆ ಮುತ್ತಿಟ್ಟರು. ಗೋಡೆಯ ಮೇಲೆ ಅಲೆಕ್ಸಾಂಡ್ರಿಯಾದ ವೇಳಾಪಟ್ಟಿ ಸರಿಯಾಗಿ ಕೂತಿತ್ತು.

ಮೇಜಿನ ಹಿಂದೆ ಗಲಾಲ್ ರಶ್ವಾನ್ ಸಮವಸ್ತ್ರದ ಕಾಲರು ಸರಿಮಾಡಿಕೊಳ್ಳುತ್ತ ಕೂತಿದ್ದ. ಮುಂದೆ ಹೊಸ ಚಹಾ. ಅವಳನ್ನು ನೋಡಿ ಮುಖ ಅರಳಿಸಿದ. ಆ ನಗು ಅವಳಿಗೆ ಎಂದಿನಷ್ಟೇ ಚೆನ್ನಾಗಿ ಕಂಡಿತು.

"ಬನ್ನಿ ಮದಾಮ್, ನಿಮಗೋಸ್ಕರ ಕಾಯ್ತಾ ಇದ್ವಿ" ಎಂದ. ಇಪ್ಪತ್ತು ವರ್ಷದಿಂದ ಪ್ರತಿ ಶಾಟಿಗೆ ಮೊದಲು ಕೇಳುವ ಪ್ರಶ್ನೆಯನ್ನೇ ಕೇಳಿದ: "ನಿಲ್ಲಿಸಿದಾಗ ನಾನು ಏನು ಮಾಡ್ತಿದ್ದೆ?"

ಇನ್‌ಶಿರಾಹ್ ತನ್ನ ಕುರ್ಚಿಯಲ್ಲಿ ಕೂತಳು. ವಗೀಹ್ ಕ್ಯಾಮೆರಾದ ಹಿಂದೆ ನಿಂತಿದ್ದಾನೆ ಎಂದು ಖಾತ್ರಿ ಮಾಡಿಕೊಂಡಳು. ನೋಟ್‌ಬುಕ್ಕನ್ನು ತೊಡೆಯ ಮೇಲೆ ಮುಚ್ಚಿಟ್ಟಳು.

"ಚಮಚ ತಿರುಗಿಸ್ತಾ ಇದ್ದೆ, ಮಗನೇ" ಎಂದಳು. "ಮೂರು ಸುತ್ತು. ಆಮೇಲೆ ಎರಡು ಸಲ ತಟ್ಟಿದೆ. ಫಿಕ್ರಿಯ ಕೋಣೆಯಲ್ಲಿ ಮಾಡಿದೆಯಲ್ಲ, ಹಾಗೇ."

ಗಲಾಲ್‌ನ ಎಡಗೈ ಚಮಚದ ಮೇಲೆಯೇ ನಿಂತಿತು.